ಎಡಗೈಯಲ್ಲಿ ತೇದ ಸೂಜಿ

ರಕ್ತ ತೆಗೆಯುವುದನ್ನು ಕಲಿಯಲು ಹೋಗಿ ಹೊಟ್ಟೆಕಿಚ್ಚು ಕಲಿತೆ ಎಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ಹೊಟ್ಟೆಕಿಚ್ಚು ನನಗೆ ಒಂಬತ್ತನೇ ವಯಸ್ಸಿಗೇ ಚೆನ್ನಾಗಿ ಬರುತ್ತಿತ್ತು. ಹತ್ತೊಂಬತ್ತಕ್ಕೆ ತಿಪಟೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನ ಲ್ಯಾಬಿಗೆ ಸೇರಿದಾಗ ಅದನ್ನು ಊಟದ ಡಬ್ಬಿಯ ಜೊತೆ ಮನೆಯಿಂದಲೇ ಕಟ್ಟಿಕೊಂಡು ಹೋಗಿದ್ದೆ.

ಆಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಪಿಯುಸಿಯಲ್ಲಿ ಎರಡು ಸಬ್ಜೆಕ್ಟಿಗೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಅರಳಗುಪ್ಪೆ ಕಡೆ ನಮ್ಮ ತೋಟ. ಅಲ್ಲಿಯ ಎಳನೀರು ಆಗಾಗ ಆ ನರ್ಸಿಂಗ್ ಹೋಮಿನ ಡಾಕ್ಟರ ಮನೆಗೆ ಹೋಗುತ್ತಿತ್ತು. ಡಾಕ್ಟರೇ ಅಪ್ಪನಿಗೆ, ಮಗಳನ್ನು ಲ್ಯಾಬಿಗೆ ಕಳಿಸಿ, ಕೈಗೊಂದು ಕೆಲಸ ಆಗುತ್ತೆ ಅಂದರಂತೆ. ಮದುವೆ ಮಾತು ಆಡುವವರಿಗೆ ಹುಡುಗಿ ಏನೋ ಕಲಿಯುತ್ತಿದ್ದಾಳೆ ಎಂದು ಹೇಳಲೂ ಆಯಿತು ಎಂದು ಅಪ್ಪ ಒಪ್ಪಿದರು. ನಾನು ಹೊಸ ಸೀರೆ ಉಟ್ಟು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆಗಲೇ ಅರ್ಧ ಡಾಕ್ಟರಾದವಳ ಹಾಗೆ ಹೋದೆ.

ಲ್ಯಾಬ್ ಎಂದರೆ ಹಿಂಭಾಗದ ಒಂದು ಕೋಣೆ. ಒಂದು ಉದ್ದ ಮೇಜು, ಸಿರಿಂಜು ಕುದಿಸುವ ಪಾತ್ರೆ, ಒಂದು ಮೈಕ್ರೋಸ್ಕೋಪು, ಒಂದು ಕಿಟಕಿ. ಅದನ್ನು ನೋಡಿಕೊಳ್ಳುತ್ತಿದ್ದವರು ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಅವರ ಪಕ್ಕದ ಸ್ಟೂಲಿನ ಮೇಲೆ ನನಗಿಂತ ಮೊದಲೇ ಬಂದು ಇನ್ನೊಬ್ಬ ಹುಡುಗಿ ಕೂತಿದ್ದಳು. ಎಣ್ಣೆ ಹಾಕಿ ಬಿಗಿದ ಜಡೆ, ಒಗೆದು ಒಗೆದು ಬಣ್ಣ ಹೋದ ಲಂಗ ದಾವಣಿ. ಅವಳು ತಲೆ ಎತ್ತಿದಳು. ಗುರುತು ಸಿಕ್ಕಿತು.

ಅವಳು ನಮ್ಮ ಮನೆಗೆ ಕೊಬ್ಬರಿ ಬಿಡಿಸಲು ಬರುತ್ತಿದ್ದ ಹೆಂಗಸಿನ ಮಗಳು.

ಉಂಡೆ ಕೊಬ್ಬರಿ ಆಗುವುದು ಹೇಗೆಂದು ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ ಎರಡು ಮಾತು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಆಗ ಇಳಿಸಿ, ಸಿಪ್ಪೆ ಸುಲಿದು, ಕರಟವನ್ನು ಸಣ್ಣ ಮಚ್ಚಿನಿಂದ ತಟ್ಟಿ ತಟ್ಟಿ ಬಿಡಿಸಬೇಕು. ಕರಟ ಒಡೆಯಬೇಕು, ಕೊಬ್ಬರಿಗೆ ಮಚ್ಚು ತಾಗಬಾರದು. ತಾಗಿ ಕಂದು ಸಿಪ್ಪೆಯ ಮೇಲೆ ಬಿಳೀ ಗೀರು ಬಿತ್ತೋ, ಅದು ಗಾಯದ ಕೊಬ್ಬರಿ. ಮಂಡಿಯಲ್ಲಿ ಅದನ್ನು ಬೇರೆ ಗುಡ್ಡೆಗೆ ಎಸೆಯುತ್ತಾರೆ.

ಅವಳ ತಾಯಿ ಬಿಡಿಸಿದ ಕೊಬ್ಬರಿಯಲ್ಲಿ ಗಾಯ ಹುಡುಕುವುದೆಂದರೆ ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ, ಸಿಕ್ಕರೆ ಒಂದು. ತಾಯಿಯ ಪಕ್ಕದಲ್ಲಿ ಈ ಹುಡುಗಿ ಕುಕ್ಕುರುಗಾಲಿನಲ್ಲಿ ಕೂತು ತಾನೂ ಬಿಡಿಸುತ್ತಿದ್ದಳು. ನನ್ನ ವಯಸ್ಸೇ, ಒಂಬತ್ತು. ಟಕ್, ಟಕ್, ಟಕ್ ಎಂದು ಮೂರು ಪೆಟ್ಟು. ಕರಟ ಎರಡು ಹೋಳಾಗಿ ಬೀಳುತ್ತಿತ್ತು, ಉಂಡೆ ಅವಳ ಅಂಗೈಯಲ್ಲಿ ಉಳಿಯುತ್ತಿತ್ತು. ಕೆಳಗಿಡುವ ಮೊದಲು ಒಂದು ಸುತ್ತು ತಿರುಗಿಸಿ ನೋಡುತ್ತಿದ್ದಳು. ನಮ್ಮಮ್ಮ ನಿಂತು ನೋಡಿ, 'ಎಂಥಾ ಹಗುರದ ಕೈ ನೋಡು ಇದರದು' ಅಂದರು. ನಮ್ಮಮ್ಮ ನನ್ನ ಕೈ ಬಗ್ಗೆ ಒಂದು ದಿನವೂ ಹಾಗೆ ಅಂದಿರಲಿಲ್ಲ. ನನ್ನ ಕೈ ಬಗ್ಗೆ ಮನೆಯಲ್ಲಿ ಇದ್ದದ್ದು ಒಂದೇ ಮಾತು, ಎಡಚಿ. ಎಡಗೈ ಮುಂದೆ ಬಂದಾಗಲೆಲ್ಲ ಅಮ್ಮ ಅದರ ಮೇಲೆ ಒಂದು ಕೊಡುತ್ತಿದ್ದರು. ಸ್ಕೂಲಿನಲ್ಲಿ ಬರೆಯುವುದೂ ಬಲಗೈಗೆ ಬಂತು. ನನ್ನ ಬಲಗೈ ಇವತ್ತಿಗೂ ಕೂಲಿಗೆ ಬಂದವರ ಹಾಗೆ ಹೇಳಿದ್ದಷ್ಟು ಮಾಡುತ್ತದೆ.

ಆ ಮಧ್ಯಾಹ್ನ ಅವರು ಊಟಕ್ಕೆ ಎದ್ದು ಹೋದಾಗ ನಾನು ಅವಳ ಜಾಗದಲ್ಲಿ ಕೂತೆ. ಅವಳ ಮಚ್ಚನ್ನು ಎಡಗೈಯಲ್ಲಿ ಹಿಡಿದು ಒಂದು ಕಾಯಿ ತಟ್ಟಿದೆ. ಕರಟದ ಜೊತೆ ಕೊಬ್ಬರಿಯ ಅರ್ಧ ಕೆನ್ನೆಯೂ ಕಿತ್ತು ಬಂತು. ಎದ್ದು ಓಡಬಹುದಿತ್ತು. ಓಡಲಿಲ್ಲ. ಅದನ್ನು ಅವಳ ಗುಡ್ಡೆಯಲ್ಲಿ, ಮೇಲೇ ಕಾಣುವಂತೆ ಇಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಬೆಲ್ಲದ ಚೂರು ತೆಗೆದುಕೊಂಡು ಬಂದು ಕಂಬಕ್ಕೆ ಒರಗಿ ನಿಂತೆ.

ಅಮ್ಮ ನೋಡಿದರು. ಇದೇನು ಇದು ಎಂದು ಆ ಉಂಡೆ ಎತ್ತಿ ಹಿಡಿದರು. ಅವಳ ತಾಯಿ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಗಾಯದ ಮೇಲೆ ಬೆರಳು ಎಳೆದಳು. ಆಮೇಲೆ ಮಗಳ ಬಲಗೈ ಎಳೆದುಕೊಂಡು, ಪಕ್ಕದಲ್ಲಿ ಬಿದ್ದಿದ್ದ ಗರಿಯ ದಿಂಡಿನಿಂದ ಅದರ ಮೇಲೆ ನಾಲ್ಕು ಬಾರಿಸಿದಳು. ಹುಡುಗಿ ಅಳಲಿಲ್ಲ. ಅವಳೂ ಆ ಉಂಡೆಯನ್ನು ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೆಲ್ಲದ ಚೂರು ನನ್ನ ಎಡಗೈಯಲ್ಲಿತ್ತು.

ನನಗೆ ಖುಷಿಯಾಗಿತ್ತು. ಇದನ್ನು ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ. ಮಗುವನ್ನು ಕೆಲಸಕ್ಕೆ ಕೂರಿಸಬೇಡ ಎಂದು ಅಮ್ಮ ಅವಳ ತಾಯಿಗೆ ಹೇಳಿದರು. ಮುಂದಿನ ವರ್ಷ ಅವಳು ಬರಲಿಲ್ಲ. ಶೆಟ್ಟಿಕೆರೆಯ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದಾರೆ, ಅಲ್ಲೇ ಸ್ಕೂಲಿಗೆ ಹೋಗುತ್ತಾಳೆ ಎಂದು ಯಾರೋ ಹೇಳಿದರು. ನಾನು ಮರೆತೆ.

ಹತ್ತು ವರ್ಷದ ಮೇಲೆ ಅವಳು ಮೇಷ್ಟ್ರ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್. ಯಾರ ಎಳನೀರೂ ಇಲ್ಲದೆ, ಮಾರ್ಕ್ಸ್ ಕಾರ್ಡ್ ಹಿಡಿದು ತಾನೇ ಬಂದು ಕೇಳಿ ಸೇರಿದ್ದಳು.

'ಚೆನ್ನಾಗಿದೀರಾ?' ಅಂದಳು. ಆ ಬಹುವಚನ ಒಂದು ತಿಂಗಳು ಇತ್ತು. ಆಮೇಲೆ ನಾವಿಬ್ಬರೂ ಒಂದೇ ಸಿಂಕಿನಲ್ಲಿ ಟ್ಯೂಬು ತೊಳೆದು ತೊಳೆದು, ಒಂದು ದಿನ ಅವಳ ಬಾಯಿಂದ 'ಆ ಬ್ರಷ್ ಕೊಡೇ' ಎಂದು ಬಂತು. ಅವಳಿಗೆ ಗೊತ್ತೂ ಆಗಲಿಲ್ಲ. ನನಗೆ ಮಾತ್ರ ಮನೆಗೆ ಹೋಗುವ ತನಕ ಅದೇ ಕಿವಿಯಲ್ಲಿತ್ತು.

ಮೇಷ್ಟ್ರು ನಮ್ಮನ್ನು ಮೊದಲು ಮನುಷ್ಯರ ಹತ್ತಿರ ಬಿಡಲಿಲ್ಲ. ರಬ್ಬರ್ ಟ್ಯೂಬಿಗೆ ಕೆಂಪು ಇಂಕಿನ ನೀರು ತುಂಬಿ, ಎರಡು ತುದಿ ಕಟ್ಟಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಹುಡುಕಿ ಚುಚ್ಚಿ ಅಂದರು. 'ಕಣ್ಣಲ್ಲಿ ನೋಡ್ಬೇಡಿ. ಬೆರಳಲ್ಲಿ ನೋಡಿ. ರಕ್ತನಾಳ ಒತ್ತಿದ್ರೆ ವಾಪಸ್ ಒತ್ತುತ್ತೆ, ನರ ಒತ್ತಲ್ಲ.' ಅವಳು ಬಟ್ಟೆಯ ಮೇಲೆ ಬೆರಳಿಟ್ಟು, ಕಣ್ಣು ಅರೆ ಮುಚ್ಚಿ, ಒಂದೇ ಸಲಕ್ಕೆ ಇಂಕು ಎಳೆದಳು. ನಾನು ಬಟ್ಟೆಯನ್ನೆಲ್ಲ ತೂತು ಮಾಡಿದೆ.

ಆಮೇಲೆ ಒಬ್ಬರ ತೋಳು ಇನ್ನೊಬ್ಬರಿಗೆ. ವಾರಕ್ಕೊಂದು ಸಲ ನಾನು ಅವಳಿಗೆ, ಅವಳು ನನಗೆ. ಎರಡು ತಿಂಗಳಾಗುವ ಹೊತ್ತಿಗೆ ಅವಳ ಎರಡೂ ತೋಳಿನ ಮಡಿಕೆಯಲ್ಲಿ ನನ್ನ ನೀಲಿ ಗುರುತುಗಳು, ಹಳದಿ ಗುರುತುಗಳು. ನನ್ನ ತೋಳಿನಲ್ಲಿ ಅವಳದೊಂದು ಚುಕ್ಕೆಯೂ ಇಲ್ಲ. ಬಸ್ಸಿನಲ್ಲಿ ಯಾರೋ ಹೆಂಗಸು ಅವಳನ್ನು, ಯಾರು ಹೊಡೆದದ್ದು ಎಂದು ಕೇಳಿದಳಂತೆ. ಅದನ್ನು ಅವಳು ನಗುತ್ತಾ ಹೇಳಿದಳು. ನಾನು ನಗಲಿಲ್ಲ. ಮನೆಗೆ ಬಂದು ದೀಪದ ಮುಂದೆ ನನ್ನ ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ, ಎಲ್ಲಾದರೂ ಒಂದು ಗುರುತು ಸಿಕ್ಕೀತೇ ಎಂದು.

ನನ್ನ ಎಡಗೈಗೆ ಈ ಕೆಲಸ ಗೊತ್ತಿತ್ತು ಎಂದು ನನಗೆ ಅನುಮಾನವಿತ್ತು. ಎಡಗೈ ಬೆರಳಿಟ್ಟರೆ ನಾಳ ತಾನೇ ಬಂದು ಬೆರಳಿಗೆ ಸಿಗುತ್ತಿತ್ತು. ಆದರೆ ಜನ ಬಿಡಬೇಕಲ್ಲ. ರೋಗಿಗಳ ಹತ್ತಿರ ಹೋಗಲು ಶುರು ಮಾಡಿದ ಮೊದಲ ವಾರವೇ ನಾನು ಎಡಗೈಯಲ್ಲಿ ಸಿರಿಂಜು ಎತ್ತಿದ್ದು ನೋಡಿ ತುರುವೇಕೆರೆ ಕಡೆಯ ಒಬ್ಬ ಮುದುಕ ಕೈ ಎಳೆದುಕೊಂಡ.

'ಎಡಗೈಲಿ ತಗೀತೀಯಾ? ಎಡಗೈಲಿ ಮಾಡೋದು ಸತ್ತೋರಿಗೆ ಕಣವ್ವ. ನಾನಿನ್ನೂ ಇದೀನಿ.'

ಮೇಷ್ಟ್ರು ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ನನಗೆ ಹೇಳಿದರು, ಬಲಗೈ ಅಭ್ಯಾಸ ಮಾಡಿಕೋ ಎಂದು. ಸೂಜಿ ತೇಯುವ ಸಾಣೆಕಲ್ಲಿನ ಮುಂದೆ ಮಾತ್ರ ಯಾರೂ ಬರುತ್ತಿರಲಿಲ್ಲ. ಅಲ್ಲಿ ನಾನು ಎಡಚಿಯಾಗಿಯೇ ಇದ್ದೆ.

ಆಗಿನ ಸೂಜಿಗಳು ಒಂದು ಸಲ ಚುಚ್ಚಿ ಎಸೆಯುವಂಥವಲ್ಲ. ತೊಳೆದು, ತೇದು, ಕುದಿಸಿ, ಮತ್ತೆ ಬಳಸಬೇಕು. ಮೊನೆಯ ಇಳಿಜಾರನ್ನು ಎಣ್ಣೆ ಹಾಕಿದ ಕಲ್ಲಿನ ಮೇಲೆ ಹದವಾಗಿ ಉಜ್ಜಬೇಕು. ತಪ್ಪಿದರೆ ತುದಿ ಮಡಚಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ಆಗುತ್ತದೆ. ಅಂಥ ಸೂಜಿ ಒಳಗೆ ಹೋಗುವಾಗ ಸುಮ್ಮನಿದ್ದು ಹೊರಗೆ ಬರುವಾಗ ಹರಿಯುತ್ತದೆ. ಅದಕ್ಕೇ ತೇದ ಮೇಲೆ ಹತ್ತಿಯಲ್ಲಿ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ಕೊಕ್ಕೆ ಇದೆ ಎಂದು ಅರ್ಥ. ನಮ್ಮಿಬ್ಬರಿಗೂ ಬೇರೆ ಬೇರೆ ಟ್ರೇ. ಅವರವರ ಸೂಜಿ ಅವರವರೇ ತೇದುಕೊಳ್ಳಬೇಕು.

ಆರು ತಿಂಗಳು ಕಳೆಯುವ ಹೊತ್ತಿಗೆ ಜನ ಹೆಸರು ಹೇಳದೆ ಅವಳನ್ನು ಕೇಳತೊಡಗಿದರು. 'ಆ ಜಡೆ ಹುಡುಗಿ ಇಲ್ವಾ? ಅವಳದು ಕೈಗುಣ ಚೆನ್ನಾಗೈತೆ.' ನಾನು ಖಾಲಿ ಕೂತಿರುತ್ತಿದ್ದೆ, ಅವಳ ಮುಂದೆ ಮೂರು ಜನ ಕಾಯುತ್ತಿರುತ್ತಿದ್ದರು. ಚಿಕ್ಕನಾಯಕನಹಳ್ಳಿ ಕಡೆಯ ಕುರಿ ಸಾಕುವ ಹೆಂಗಸೊಬ್ಬಳು ನನ್ನ ಮುಂದೆ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, 'ನಾನು ಕಾಯ್ತೀನಿ ಬುಡವ್ವ, ಅರ್ಜೆಂಟಿಲ್ಲ' ಅಂದಳು. ಅಷ್ಟು ಮರ್ಯಾದೆಯಿಂದ ಅಂದಳು, ಬೈದಿದ್ದರೂ ವಾಸಿಯಿತ್ತು. ಆ ಹುಡುಗಿಯ ಜಡೆ ಕಂಡರೆ ಆಗುತ್ತಿರಲಿಲ್ಲ ನನಗೆ. ತಡವರಿಸಿ ಎಳೆದರೆ ಏಳುವ ನೊರೆ ಅವಳು ತೆಗೆದ ಟ್ಯೂಬಿನಲ್ಲಿ ಇರುತ್ತಿರಲಿಲ್ಲ, ಅದೂ ಆಗುತ್ತಿರಲಿಲ್ಲ. ಮಧ್ಯಾಹ್ನ ಅವಳು ಮುದ್ದೆ, ಹುರುಳಿ ಸಾರು ಬಿಚ್ಚಿ ನೆಮ್ಮದಿಯಾಗಿ ಉಣ್ಣುವುದನ್ನು ನೋಡಿದರೂ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಅಪ್ಪ ಬಂದರು. ಸಕ್ಕರೆ ಕಾಯಿಲೆಯ ಅನುಮಾನ, ರಕ್ತ ನೋಡಬೇಕು ಎಂದು ಡಾಕ್ಟರು ಚೀಟಿ ಬರೆದಿದ್ದರು. ಅಪ್ಪ ಕುರ್ಚಿಯಲ್ಲಿ ಕೂತು, ಮಗಳ ಕೈಚಳಕ ನೋಡಲು ಬಂದವರ ಹಾಗೆ ನಗುತ್ತಾ ಅಂಗಿಯ ತೋಳು ಮಡಿಸಿದರು. ನಾನು ರಬ್ಬರ್ ಬಿಗಿದೆ. ಬಲಗೈಯಲ್ಲಿ ಚುಚ್ಚಿದೆ. ಏನೂ ಬರಲಿಲ್ಲ. ಸೂಜಿಯನ್ನು ಒಳಗೇ ಸ್ವಲ್ಪ ಆಚೀಚೆ ಮಾಡಿದೆ. ಅಪ್ಪನ ನಗು ಹೋಯಿತು. ಇನ್ನೊಂದು ಸಲ ಚುಚ್ಚಿದೆ. ಚರ್ಮದ ಕೆಳಗೆ ಗೋಲಿಯಷ್ಟು ಊದಿಕೊಂಡಿತು. ಅಪ್ಪ ಹಣೆ ಒರೆಸಿಕೊಂಡರು.

'ಬುಡು ಮಗ, ನೀನೂ ಹೆದರ್ಕಂಡಿದೀಯಾ. ಆ ಹುಡುಗೀನ ಕರಿ.'

ಅವಳು ಬಂದಳು. ನಮ್ಮ ಮನೆಯಲ್ಲಿ ಅವಳ ತಾಯಿ ಅಂಗಳ ದಾಟಿ ಒಳಗೆ ಬರುತ್ತಿರಲಿಲ್ಲ, ಕಾಫಿಯನ್ನು ಅಮ್ಮ ಮೇಲಿನಿಂದ ಹೊಯ್ಯುತ್ತಿದ್ದರು. ಅಪ್ಪ ಅವಳಿಗೆ ತಮ್ಮ ಇನ್ನೊಂದು ತೋಳು ಚಾಚಿದರು. ಅವಳು ಆ ತೋಳನ್ನು ಹಿಡಿದು, ಹೆಬ್ಬೆರಳಿಂದ ಮೆಲ್ಲಗೆ ಸವರಿ, ಸೂಜಿ ಇಳಿಸಿದಳು. ಅಪ್ಪ ಕಿಟಕಿಯ ಹೊರಗೆ ಯಾವುದೋ ಲಾರಿ ನೋಡುತ್ತಿದ್ದರು. 'ಇನ್ನೂ ಚುಚ್ಚಿಲ್ವಾ?' ಅಂದರು. ಅವಳು ಆಗಲೇ ಹತ್ತಿ ಒತ್ತುತ್ತಿದ್ದಳು.

ಅಪ್ಪ ಅವಳನ್ನು ಮುಟ್ಟಿಸಿಕೊಂಡರಲ್ಲ ಎಂದು ಬೆರಗುಪಡುವಷ್ಟು ಒಳ್ಳೆಯತನ ಆಗ ನನ್ನಲ್ಲಿ ಇರಲಿಲ್ಲ. ನನ್ನ ಅಪ್ಪನ ತೋಳು ಅವಳ ಮಾತು ಕೇಳಿತು, ನನ್ನ ಮಾತು ಕೇಳಲಿಲ್ಲ. ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಇದಾದ ಎರಡು ವಾರಕ್ಕೆ ಡಾಕ್ಟರು ನಮ್ಮಿಬ್ಬರನ್ನೂ ಕರೆದರು. ತುಮಕೂರಿನಲ್ಲಿ ಒಂದು ವರ್ಷದ ಟ್ರೈನಿಂಗ್ ಇದೆ, ಮುಗಿಸಿದರೆ ಸರ್ಟಿಫಿಕೇಟು, ಸರ್ಟಿಫಿಕೇಟಿದ್ದರೆ ಎಲ್ಲಾದರೂ ಕೆಲಸ. ತಾವು ಒಬ್ಬರಿಗೆ ಮಾತ್ರ ಶಿಫಾರಸು ಪತ್ರ ಕೊಡಬಹುದು. ಸೋಮವಾರ ಇಬ್ಬರೂ ತಮ್ಮ ಮುಂದೆ ಒಬ್ಬೊಬ್ಬ ರೋಗಿಯ ರಕ್ತ ತೆಗೆಯಬೇಕು, ಚೆನ್ನಾಗಿ ತೆಗೆದವರಿಗೆ ಪತ್ರ.

ನನಗೆ ಆ ಟ್ರೈನಿಂಗ್ ಬೇಕಿತ್ತೋ, ಅದು ಅವಳಿಗೆ ಸಿಗಬಾರದಾಗಿತ್ತೋ, ಈಗಲೂ ಸರಿಯಾಗಿ ಹೇಳಲಾರೆ. ನನಗೆ ಮನೆಯಿತ್ತು, ತೋಟವಿತ್ತು, ಗಂಡು ನೋಡುವವರಿದ್ದರು. ಅವಳಿಗೆ ಆ ಪತ್ರ ಇಲ್ಲದಿದ್ದರೆ ಮತ್ತೆ ತಾಯಿಯ ಪಕ್ಕ ಮಚ್ಚು ಹಿಡಿದು ಕೂರುವುದೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಶನಿವಾರ ಸಂಜೆ ಅವಳು ಬಸ್ಸಿಗೆ ಹೋದ ಮೇಲೆ ನನ್ನದೊಂದು ಸೂಜಿಯನ್ನು ಸಾಣೆಕಲ್ಲಿನ ಮೇಲೆ ಹಿಂದುಮುಂದಾಗಿ ಎಳೆದೆ. ಹತ್ತಿಯಲ್ಲಿ ನೋಡಿದೆ. ಎಳೆ ಸಿಕ್ಕಿಕೊಂಡಿತು. ಅವಳ ಟ್ರೇಯಲ್ಲಿ ಮೊದಲನೆಯ ಸೂಜಿ ತೆಗೆದು ಅದರ ಜಾಗಕ್ಕೆ ಇದನ್ನು ಇಟ್ಟೆ. ಸೋಮವಾರ ಬೆಳಿಗ್ಗೆ ಕುದಿಸುವ ಸರದಿ ನನ್ನದೇ. ತನ್ನ ಸೂಜಿಯನ್ನು ತಾನೇ ತೇದವಳು ಮತ್ತೆ ಯಾಕೆ ಪರೀಕ್ಷೆ ಮಾಡುತ್ತಾಳೆ ಎಂದುಕೊಂಡಿದ್ದೆ.

ಅವಳ ರೋಗಿ ಕಾಯಿ ಕೀಳುವ ಒಬ್ಬ ಗಟ್ಟಿ ಆಳು. ಮರ ಹತ್ತಿ ಹತ್ತಿ ತೋಳಿನ ಚರ್ಮ ತೊಗಟೆಯಾಗಿತ್ತು. ಡಾಕ್ಟರು, ಮೇಷ್ಟ್ರು ಎದುರಿಗೆ ನಿಂತಿದ್ದರು. ಅವಳು ಚಿಮಟದಿಂದ ಮೊದಲನೆಯ ಸೂಜಿ ಎತ್ತಿದಳು. ಸಿರಿಂಜಿಗೆ ಹಾಕುವ ಮೊದಲು, ಕುದಿಸಿದ ಹತ್ತಿ ಸ್ವಲ್ಪ ತೆಗೆದುಕೊಂಡು ಮೊನೆಯನ್ನು ಅದರಲ್ಲಿ ಎಳೆದಳು. ಕೊಬ್ಬರಿಯನ್ನು ಕೆಳಗಿಡುವ ಮೊದಲು ಒಂದು ಸುತ್ತು ತಿರುಗಿಸಿ ನೋಡುತ್ತಿದ್ದ ಹುಡುಗಿ ಅವಳು. ಇದು ನನಗೆ ಯಾಕೆ ಹೊಳೆಯಲಿಲ್ಲವೋ.

ಎಳೆ ಸಿಕ್ಕಿಕೊಂಡಿತು. ಅವಳು ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನನ್ನ ಕಡೆ ತಿರುಗಲಿಲ್ಲ. ಅದನ್ನು ಪಕ್ಕಕ್ಕೆ ಇಟ್ಟು, ಇನ್ನೊಂದನ್ನು ಎತ್ತಿಕೊಂಡು, ಅದನ್ನೂ ನೋಡಿ, ಸಿರಿಂಜಿಗೆ ಹಾಕಿದಳು.

'ಯಾಕಮ್ಮಾ?' ಅಂದರು ಡಾಕ್ಟರು.

'ಮೊನೆ ಸರಿಯಿಲ್ಲ ಸಾರ್, ಬೇರೆ ತಗೊಂಡೆ.'

ಅಷ್ಟೇ. ಆಳು ಮುಷ್ಟಿ ಹಿಡಿದ, ಬಿಟ್ಟ, ಎದ್ದು ಹೋದ. ಆಮೇಲೆ ನನ್ನ ಸರದಿ. ನನ್ನ ಮುಂದೆ ಕೂತಿದ್ದ ಹೆಂಗಸಿಗೆ ಮೂರು ಸಲ ಚುಚ್ಚಿದೆ, ಮೂರನೆಯದಕ್ಕೆ ಅವಳು ಅಳುವ ಹಾಗಾದಳು. ಮೇಷ್ಟ್ರು ನನ್ನ ಕೈಯಿಂದ ಸಿರಿಂಜು ತೆಗೆದುಕೊಂಡರು. ಪತ್ರ ಯಾರಿಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ನಾವಿಬ್ಬರೇ ಸಿಂಕಿನ ಹತ್ತಿರ ನಿಂತಿದ್ದೆವು. ಅವಳು ಹತ್ತಿಯಲ್ಲಿ ಸುತ್ತಿದ ಸೂಜಿಯನ್ನು ನನ್ನ ಮುಂದೆ ಇಟ್ಟಳು.

'ಇದು ನಿಂದು ಕಣೇ.'

'ನಂದು ಅಂತ ಹೆಂಗೆ ಹೇಳ್ತೀಯಾ?' ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

'ಎಡಗೈಲಿ ತೇದಿರೋದು. ಇಳಿಜಾರು ಆ ಕಡೆಗೈತೆ ನೋಡು. ನಿಮ್ಮನೆ ಕೊಬ್ಬರೀಲೂ ಗೀರು ಹಂಗೇ ಇತ್ತು. ನಮ್ದೆಲ್ಲ ಈ ಕಡೆಯಿಂದ ಬತ್ತದೆ, ಅದು ಆ ಕಡೆಯಿಂದ ಬಂದಿತ್ತು.'

ಹತ್ತು ವರ್ಷ. ಲ್ಯಾಬಿನಲ್ಲಿ ಮೊದಲ ದಿನ ಚೆನ್ನಾಗಿದೀರಾ ಎಂದು ಕೇಳಿದಾಗ, ನನ್ನ ಸೂಜಿಗೆ ತೋಳು ಕೊಟ್ಟಾಗ, ನನ್ನ ಅಪ್ಪನ ರಕ್ತ ತೆಗೆದಾಗ, ಎಲ್ಲ ಹೊತ್ತಿನಲ್ಲೂ ಅವಳಿಗೆ ಗೊತ್ತಿತ್ತು. ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ನನಗೆ ಬಂದದ್ದು ಮತ್ತದೇ ಹೊಟ್ಟೆಕಿಚ್ಚು. ನನ್ನ ಮೇಲೆ ಇಷ್ಟು ದೊಡ್ಡ ವಿಷಯ ಕೈಯಲ್ಲಿಟ್ಟುಕೊಂಡು ಅದನ್ನು ಬಳಸದೆ ಇರುವುದು ಇವಳಿಗೆ ಹೇಗೆ ಸಾಧ್ಯವಾಯಿತು ಎಂದು. ನಾನಾಗಿದ್ದರೆ ಊರಿಗೆಲ್ಲ ಸಾರುತ್ತಿದ್ದೆ.

'ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?'

'ಹೇಳಿದ್ರೆ ಏನಾಗ್ತಿತ್ತು? ಪತ್ರ ಹೆಂಗೂ ನಂಗೇ ಬತ್ತಿತ್ತು.' ಅವಳು ಸಿರಿಂಜು ತೊಳೆಯುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿತ್ತು, ಕ್ಷಮಿಸಿದವಳ ದನಿ ಅದಲ್ಲ. 'ನಿನ್ನ ಬಲಗೈ ಉಪಯೋಗಕ್ಕಿಲ್ಲ. ನನ್ನ ತೋಳಿಗೇ ಗೊತ್ತಲ್ಲ. ಎಡಗೈಲಿ ತಗಿ. ಯಾರೇನಂದ್ರೂ ತಗಿ. ಇಲ್ಲಾಂದ್ರೆ ಮನೇಲಿ ಕೂತ್ಕೊ, ಜನಾದ್ರೂ ಬದುಕ್ಕಂತಾರೆ.'

ಮುಂದಿನ ವಾರ ಅವಳು ತುಮಕೂರಿಗೆ ಹೋದಳು. ನನಗೆ ಗಂಡು ನೋಡುವುದು ಜೋರಾಯಿತು, ಆದರೆ ಯಾವುದೂ ಕೂಡಿ ಬರಲಿಲ್ಲ. ಲ್ಯಾಬಿನಲ್ಲಿ ಕೈ ಸಾಲದು ಎಂದು ಮೇಷ್ಟ್ರು ನನ್ನನ್ನೇ ಇಟ್ಟುಕೊಂಡರು. ಅವಳು ಹೇಳಿದ್ದನ್ನು ಅವಳು ಹೇಳಿದ್ದಾಳೆ ಎಂಬ ಒಂದೇ ಕಾರಣಕ್ಕೆ ಎರಡು ತಿಂಗಳು ಮಾಡಲಿಲ್ಲ. ಆಮೇಲೆ ಒಂದು ದಿನ ಪ್ರಜ್ಞೆ ಇಲ್ಲದ ಒಬ್ಬ ರೋಗಿಗೆ, ನೋಡುವವರು ಯಾರೂ ಇಲ್ಲದಾಗ, ಎಡಗೈಯಲ್ಲಿ ತೆಗೆದೆ. ಹಸುವಿನ ಹಾಲು ಇಳಿದಷ್ಟು ಸಲೀಸಾಗಿ ಬಂತು. ಅಂದಿನಿಂದ ನಾನು ಸ್ಟೂಲನ್ನು ಕುರ್ಚಿಯ ಇನ್ನೊಂದು ಬದಿಗೆ ಹಾಕಿಕೊಂಡೆ. ಬೇಡ ಅಂದವರಿಗೆ ಬೇಕಾದರೆ ಕಾಯಿರಿ ಎನ್ನುತ್ತಿದ್ದೆ. ಕಾಯಲು ಈಗ ಇನ್ನೊಬ್ಬಳು ಇರಲಿಲ್ಲವಲ್ಲ. ಮುಂದೆ ಮೂವತ್ತು ವರ್ಷ ಇದೇ ಕೆಲಸ ಮಾಡಿದೆ, ಇದೇ ಕೈಯಲ್ಲಿ.

ಅವಳಿನ್ನೂ ತುಮಕೂರಿನಲ್ಲಿದ್ದಾಗ, ಬೇಸಿಗೆಯಲ್ಲಿ ಅವಳ ತಾಯಿ ಬಂದಳು. ಹದಿನೈದು ದಿನದ ಜ್ವರ, ಟೈಫಾಯ್ಡ್ ಇರಬಹುದೆಂದು ಡಾಕ್ಟರು ರಕ್ತ ತೆಗೆಯಲು ಬರೆದಿದ್ದರು. ಬಾಗಿಲಲ್ಲೇ ನಿಂತಿದ್ದವಳನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದೆ. ಬೆರಳ ತುಂಬ ಹಳೆಯ ಮಚ್ಚಿನ ಗೀರುಗಳು. ನಾನು ಯಾಕೋ ಹಿಂಜರಿದು ಸಿರಿಂಜನ್ನು ಬಲಗೈಗೆ ತೆಗೆದುಕೊಂಡೆ.

'ಎಡಗೈಲೇ ತಗಿಯವ್ವ,' ಅಂದಳು. 'ಮಗಳು ಹೇಳ್ಕಳಿಸವ್ಳೆ. ಅವಳ ಎಡಗೈಲೇ ತೆಗೆಸ್ಕೋ, ಬಲಗೈಗೆ ಕೊಡಬ್ಯಾಡ ಅಂತ.'

ಎಡಗೈಗೆ ಬದಲಾಯಿಸಿದೆ. ರಬ್ಬರ್ ಬಿಗಿದು, ಬೆರಳಿಟ್ಟೆ. ತೆಳ್ಳನೆಯ ನಾಳ, ಆದರೂ ಸಿಕ್ಕಿತು. ಸಿರಿಂಜು ತುಂಬಿತು. ರಬ್ಬರ್ ಬಿಚ್ಚಿ, ಸೂಜಿ ತೆಗೆದು, ಹತ್ತಿ ಒತ್ತಿ ಅವಳ ಕೈ ಮಡಚಿದೆ.

'ಆಯ್ತಾ?'

'ಆಯ್ತು.'

'ಗೊತ್ತೇ ಆಗ್ಲಿಲ್ಲ ಕಣವ್ವ.'

ಅಷ್ಟು ದಿನ ಅವಳ ಮಗಳ ಪಾಲಿಗೆ ಹೋಗುತ್ತಿದ್ದ ಮಾತು ಅದು. ಆ ಮಾತಿಗಾಗಿ ನಾನು ಸೂಜಿಗೆ ಕೊಕ್ಕೆ ಮಾಡಿದವಳು. ಈಗ ಬಂತು, ಯಾರಿಂದ ಬರಬಾರದಿತ್ತೋ ಅವಳಿಂದಲೇ ಬಂತು. ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು.

'ಅವತ್ತು ನಮ್ಮನೇಲಿ ಒಂದು ಕೊಬ್ಬರಿ ಗಾಯ ಆಗಿತ್ತಲ್ಲ, ನೀನು ಅವಳಿಗೆ ಹೊಡೆದೆಯಲ್ಲ. ಅದನ್ನ ಮಾಡಿದ್ದು ನಾನು.'

ಅವಳು ನನ್ನ ಮುಖ ನೋಡಲಿಲ್ಲ. ಮಡಚಿದ ಮೊಣಕೈಯನ್ನೇ ನೋಡುತ್ತಿದ್ದಳು.

'ಗೊತ್ತಿತ್ತು ಬುಡವ್ವ.'

'ಗೊತ್ತಿದ್ದೂ ಯಾಕೆ ಅವಳಿಗೆ ಹೊಡೆದೆ?'

'ಅಮ್ಮಾರು ನೋಡ್ತಾ ನಿಂತಿದ್ರಲ್ಲ. ಯಾರಿಗಾದ್ರೂ ಹೊಡೀಬೇಕಿತ್ತು. ನಿನ್ನ ಕೈಗೆ ಹೊಡಿಯೋಕಾಯ್ತದಾ?'

ಆಮೇಲೆ ಅವಳು, ಈ ಹತ್ತಿ ಎಷ್ಟೊತ್ತು ಹಿಡ್ಕಂಡಿರಬೇಕು ಎಂದು ಕೇಳಿದಳು. ಐದು ನಿಮಿಷ ಎಂದೆ.